ಹುಲಿಯ ಹೆಜ್ಜೆ ಏನು ಹೇಳುತ್ತೆ, ಏನು ಹೇಳಲ್ಲ

ಕಾಡುದಾರಿಯ ಧೂಳಲ್ಲಿ ಒಂದು ದೊಡ್ಡ ಹೆಜ್ಜೆ. ನಾಲ್ಕು ಬೆರಳು, ಅಗಲವಾದ ಅಂಗಾಲು, ಉಗುರಿನ ಗುರುತಿಲ್ಲ. ಹುಲಿಯೇ. ಮುಂದೆ ಮರದ ಮೇಲೆ ಪರಚಿದ ಗೀರು, ದಾರಿಯಂಚಿನಲ್ಲಿ ಕೂದಲು ಬೆರೆತ ಮಲ. ನಾಗರಹೊಳೆ, ಬಂಡೀಪುರದ ಕಡೆಯ ಜೇನುಕುರುಬರಿಗೆ, ಬೆಟ್ಟಕುರುಬರಿಗೆ ಈ ಜಾಡು ಹೊಸದೇನಲ್ಲ.

ಹೆಜ್ಜೆ ನೋಡಿ ಹುಲಿ ಎಣಿಸುವ ವಿಧಾನ ರೂಪಿಸಿದವರು ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ, 1966ರಲ್ಲಿ. ಹೆಜ್ಜೆಯ ಮೇಲೆ ಗಾಜಿಟ್ಟು ಗೆರೆ ಎಳೆಯುವುದು, ಇಲ್ಲವೇ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುವುದು, ಆಮೇಲೆ ಎಲ್ಲವನ್ನೂ ಹೋಲಿಸಿ ಇದು ಈ ಹುಲಿ, ಅದು ಆ ಹುಲಿ ಅಂತ ಲೆಕ್ಕ ಹಾಕುವುದು. 1972ರ ದೇಶವ್ಯಾಪಿ ಗಣತಿಯಲ್ಲಿ ಬಂದ ಲೆಕ್ಕ 1,827. ಮರುವರ್ಷ ಹುಲಿಗಳನ್ನು ಉಳಿಸಲು ಹುಲಿ ಯೋಜನೆ (ಪ್ರಾಜೆಕ್ಟ್ ಟೈಗರ್) ಶುರುವಾಯಿತು. ಮೊದಲ ಒಂಬತ್ತು ಮೀಸಲು ಕಾಡುಗಳಲ್ಲಿ ಬಂಡೀಪುರವೂ ಇತ್ತು.

ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಲ್ಲಿ ಒಂಥರಾ, ಧೂಳಲ್ಲಿ ಒಂಥರಾ ಮೂಡುತ್ತದೆ ಅಲ್ವಾ? ಒಂದು ಹುಲಿ ಕಾಗದದ ಮೇಲೆ ಎರಡಾಗಬಹುದು, ಎರಡು ಒಂದಾಗಬಹುದು. ಇದನ್ನು 1980ರ ದಶಕದಲ್ಲೇ ಎತ್ತಿ ಹೇಳಿದವರು ನಮ್ಮ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು. 90ರ ದಶಕದಲ್ಲಿ ಅವರು ನಾಗರಹೊಳೆಯ ದಾರಿಗಳಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಇಟ್ಟು ಹುಲಿಗಳನ್ನು ಮೈಮೇಲಿನ ಪಟ್ಟೆಯಿಂದ ಗುರುತಿಸಿದರು. ಪಟ್ಟೆ ಒಂದೊಂದು ಹುಲಿಗೂ ಬೇರೆ ಬೇರೆ.

ಅವರ ಮಾತು ಅಧಿಕೃತ ಗಣತಿಯವರೆಗೆ ತಲುಪುವಷ್ಟರಲ್ಲಿ ಬಹಳ ತಡವಾಗಿತ್ತು. 2005ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲ ಅಂತ ಖಚಿತವಾಯಿತು. ಕಳ್ಳಬೇಟೆ ಅವನ್ನು ಮುಗಿಸಿತ್ತು, ಕಡತದಲ್ಲಿ ಮಾತ್ರ ಹುಲಿಗಳಿದ್ದವು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. 2006ರಿಂದ ಕ್ಯಾಮೆರಾ ಆಧಾರಿತ ಎಣಿಕೆ ಬಂತು, ಇಡೀ ದೇಶದ ಹುಲಿಗಳ ಅಂದಾಜು 1,411ಕ್ಕೆ ಇಳಿಯಿತು. ಹಳೆಯ ವಿಧಾನದಲ್ಲಿ ಕೆಲವೇ ವರ್ಷ ಹಿಂದೆ ಅದು 3,642 ಇತ್ತು. 2022ರ ಅಂದಾಜು 3,682, ಅದರಲ್ಲಿ ಕರ್ನಾಟಕದ ಪಾಲು 563.

ಹಾಗಂತ ಹೆಜ್ಜೆ ನೋಡುವ ಕೆಲಸ ನಿಂತಿಲ್ಲ, ನಿಲ್ಲಲೂಬಾರದು. ಹುಲಿ ಎಷ್ಟು ಅಂತ ಅದನ್ನು ಕೇಳಿದ್ದು ತಪ್ಪಾಗಿತ್ತು, ಅಷ್ಟೇ. ಹುಲಿ ಎಲ್ಲಿ ಓಡಾಡುತ್ತಿದೆ ಅಂತ ಅದು ಚೆನ್ನಾಗಿಯೇ ಹೇಳುತ್ತದೆ. ಕ್ಯಾಮೆರಾ ಯಾವ ತಿರುವಿನಲ್ಲಿ ಕಟ್ಟಬೇಕು ಅಂತ ತಿಳಿಯುವುದೇ ಈ ಗುರುತುಗಳಿಂದ. ಮಲದಲ್ಲಿನ ಕೂದಲು ನೋಡಿದರೆ ಅದು ತಿಂದದ್ದು ಕಡವೆಯೋ ಜಿಂಕೆಯೋ ಗೊತ್ತಾಗುತ್ತದೆ. ಡಿಎನ್‌ಎ ಸಿಕ್ಕರೆ ಯಾವ ಹುಲಿ ಅಂತಲೂ ಗೊತ್ತಾಗುತ್ತದೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಗಣತಿಯ ಮೊದಲ ಹಂತದಲ್ಲಿ ಗಾರ್ಡ್‌ಗಳು, ವಾಚರ್‌ಗಳು ತಮ್ಮ ಬೀಟಿನಲ್ಲಿ, ಅಂದರೆ ತಮ್ಮ ಪಾಲಿನ ಕಾಡಿನಲ್ಲಿ, ಕಿಲೋಮೀಟರ್‌ಗಟ್ಟಲೆ ನಡೆದು ಹೆಜ್ಜೆ, ಮಲ, ಗೀರು ಎಲ್ಲವನ್ನೂ ದಾಖಲಿಸುತ್ತಾರೆ. ನಡೆದ ದಾರಿಯುದ್ದಕ್ಕೂ ಏನೂ ಕಾಣದಿದ್ದರೆ, ಅದೂ ದಾಖಲಾಗುತ್ತದೆ.