ಪ್ರತಿ ಟಾಸ್ಕ್‌ಗೂ ಬಫರ್ ಇಟ್ಟರೂ ರಿಲೀಸ್ ಯಾಕೆ ತಡವಾಗುತ್ತದೆ?

ಪ್ರಶ್ನೆ: ನಾನು ಟೀಮ್ ಲೀಡ್. ಪ್ಲಾನ್ ಮಾಡುವಾಗ ಪ್ರತಿ ಟಾಸ್ಕ್‌ಗೂ ಎರಡು ದಿನ ಜಾಸ್ತಿಯೇ ಹಾಕುತ್ತೇನೆ. ಆದರೂ ಸಾಫ್ಟ್‌ವೇರ್ ರಿಲೀಸ್ ಹೇಳಿದ ದಿನಕ್ಕೆ ಆಗುವುದೇ ಇಲ್ಲ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ನೀವು ಹಾಕಿದ ಆ ಎರಡೆರಡು ದಿನ ಅಲ್ಲಲ್ಲೇ ಕರಗಿ ಹೋಗುತ್ತಿವೆ. ಐದು ದಿನದ ಕೆಲಸಕ್ಕೆ ಏಳು ದಿನ ಕೊಟ್ಟಿರಿ ಅನ್ನಿ. ಕೆಲಸ ಐದನೇ ದಿನವೇ ಮುಗಿದರೂ ಮುಂದಿನವರು ಆವತ್ತೇ ಕೈಗೆತ್ತಿಕೊಳ್ಳುವುದಿಲ್ಲ. ಅವರು ಬೇರೆ ಕೆಲಸದಲ್ಲಿ ಮುಳುಗಿರುತ್ತಾರೆ. ಹಾಗಾಗಿ ಉಳಿದ ದಿನ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಕೆಲಸ ಒಂಬತ್ತು ದಿನ ಹಿಡಿದರೆ ಮಾತ್ರ ಆ ತಡ ಪೂರ್ತಿಯಾಗಿ ಮುಂದಿನವರ ತಲೆಗೆ ಬೀಳುತ್ತದೆ.

ಇನ್ನೊಂದು ಲೆಕ್ಕ ನೋಡಿ. ನಿಮ್ಮ ರಿಲೀಸ್‌ಗೆ ಲಾಗಿನ್, ಪೇಮೆಂಟ್, ರಿಪೋರ್ಟ್, ಮೊಬೈಲ್ ಆ್ಯಪ್, ಡೇಟಾ ಮೈಗ್ರೇಶನ್ ಈ ಐದೂ ಸಿದ್ಧವಾಗಿರಬೇಕು. ಒಂದೊಂದೂ ಸಮಯಕ್ಕೆ ಮುಗಿಯುವ ಸಾಧ್ಯತೆ ಶೇ 80. ಕೇಳಲು ಚೆನ್ನಾಗಿಯೇ ಇದೆ, ಅಲ್ವಾ? ಆದರೆ ಐದೂ ಒಟ್ಟಿಗೆ ಮುಗಿಯಬೇಕೆಂದರೆ 0.8 ಅನ್ನು ಐದು ಸಲ ಗುಣಿಸಬೇಕು. ಒಂದರ ತಡ ಇನ್ನೊಂದಕ್ಕೆ ತಟ್ಟುವುದಿಲ್ಲ ಅಂದುಕೊಂಡರೂ ಬರುವುದು ಸುಮಾರು ಶೇ 33. ಐವರೂ ಬಂದು ‘ಆಗುತ್ತೆ’ ಅಂದಿರುತ್ತಾರೆ, ಮನಸ್ಸಿನಿಂದಲೇ ಅಂದಿರುತ್ತಾರೆ. ಆದರೂ ಮೂರರಲ್ಲಿ ಎರಡು ಸಲ ದಿನ ತಪ್ಪುತ್ತದೆ. ಇಂಥ ಸಮಯದಲ್ಲಿ ಟೀಮ್‌ನವರನ್ನು ಬೈಯುವುದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಟಾಸ್ಕ್‌ಗಳಿಗೆ ಬರೀ ಕೆಲಸದ ದಿನಗಳನ್ನೇ ಹಾಕಿ. ಹೆಚ್ಚುವರಿ ದಿನಗಳನ್ನೆಲ್ಲ ಒಟ್ಟುಗೂಡಿಸಿ ಪ್ಲಾನ್‌ನ ಕೊನೆಯಲ್ಲಿ ಇಡಿ. ಕ್ರಿಟಿಕಲ್ ಚೈನ್ ಎಂಬ ಪ್ಲಾನಿಂಗ್ ವಿಧಾನದಲ್ಲಿ ಮಾಡುವುದು ಇದನ್ನೇ. ಎಲ್ಲ ಕೆಲಸವೂ ಒಟ್ಟಿಗೇ ಕೆಡುವುದು ಅಪರೂಪ. ಹಾಗಾಗಿ ಒಟ್ಟು ಬಫರ್ ಮೊದಲಿಗಿಂತ ಕಡಿಮೆ ಇದ್ದರೂ ಸಾಕಾಗುತ್ತದೆ.

ಆದರೆ ಬರೀ ಬಫರ್ ನಂಬಿ ಕೂರಬೇಡಿ. ಅಪಾಯ ಎಲ್ಲಿದೆ ಅಂತ ಹುಡುಕುವುದು ಅದಕ್ಕಿಂತ ದೊಡ್ಡ ಕೆಲಸ. ಇದಕ್ಕೆ ನನಗೆ ತುಂಬಾ ಇಷ್ಟವಾದ ಉಪಾಯ ಹಳೆಯದು. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗೆಂದು ರೂಪಿಸಿದ ಪರ್ಟ್ (PERT) ಎಂಬ ಅಂದಾಜಿನ ವಿಧಾನ ಅದು. ಒಂದು ಕೆಲಸಕ್ಕೆ ಮೂರು ಅಂದಾಜು ಕೇಳುತ್ತಾರೆ: ಎಲ್ಲ ಸರಿ ಹೋದರೆ 3 ದಿನ, ಸಾಮಾನ್ಯವಾಗಿ 5, ಎಲ್ಲ ಕೈಕೊಟ್ಟರೆ 13. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿದರೆ 6 ದಿನ.

ಆ 6ಕ್ಕಿಂತ 13 ಮುಖ್ಯ. ‘ಹದಿಮೂರು ಯಾಕೆ?’ ಅಂತ ಕೇಳಿ. ‘ಆ ಹಳೆಯ ಎಪಿಐಗೆ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ದಾರಿ) ಡಾಕ್ಯುಮೆಂಟೇಶನ್ ಇಲ್ಲ’ ಅನ್ನುವಂಥ ಉತ್ತರ ಆಗ ಹೊರಗೆ ಬರುತ್ತದೆ. ಮೂರಕ್ಕೂ ಹದಿಮೂರಕ್ಕೂ ನಡುವೆ ಅಷ್ಟು ಅಂತರ ಇರುವ ಕೆಲಸವನ್ನು ಮೊದಲ ವಾರವೇ ಮುಟ್ಟಿ. ಪೂರ್ತಿ ಮಾಡಬೇಕಿಲ್ಲ, ಒಂದೆರಡು ದಿನ ಕೂತು ಒಂದು ಸಣ್ಣ ಪ್ರಯೋಗ ಮಾಡಿದರೂ ಎಷ್ಟೋ ತಿಳಿಯುತ್ತದೆ.

ಒಮ್ಮೆ ನಾನು ಪ್ಲಾನ್‌ನಲ್ಲಿ ‘ಪೇಮೆಂಟ್ ಇಂಟಿಗ್ರೇಶನ್ – 4 ದಿನ’ ಅಂತ ಬರೆದು ಅದನ್ನು ಕೊನೆಗೆ ಇಟ್ಟಿದ್ದೆ. ಕೋಡ್ ಬರೆಯಲು ನಾಲ್ಕೇ ದಿನ ಸಾಕಾಯಿತು. ಟೆಸ್ಟ್ ಮಾಡಲು ಬೇಕಿದ್ದ ಅಕೌಂಟ್ ಸಿಗಲು ಮೂರು ವಾರ ಹಿಡಿಯಿತು. ಮೊದಲ ದಿನವೇ ಒಂದು ಮೇಲ್ ಕಳಿಸಿದ್ದರೆ ಆ ಕಾಯುವಿಕೆ ಯಾರಿಗೂ ತಟ್ಟುತ್ತಿರಲಿಲ್ಲ. ಹೊರಗಿನವರಿಂದ ಬರಬೇಕಾದ ಯಾವುದನ್ನೂ ಅಂದಿನಿಂದ ನಾನು ಕೊನೆಗೆ ಬಿಟ್ಟಿಲ್ಲ.

ತಡವಾದಾಗ ಜನರನ್ನು ಸೇರಿಸುವ ಮಾತೂ ಬರುತ್ತದೆ. ಐದು ಜನರಿದ್ದರೆ ಇಬ್ಬಿಬ್ಬರ ನಡುವಿನ ಮಾತುಕತೆಯ ದಾರಿಗಳು 10, ಹತ್ತು ಜನರಾದರೆ 45. ಹೊಸಬರಿಗೆ ಹೇಳಿಕೊಡಬೇಕಾದವರು ಈಗಾಗಲೇ ಹಿಂದೆ ಬಿದ್ದಿರುವವರೇ. ಕೊನೆಯ ತಿಂಗಳಲ್ಲಿ ಇದು ಬೇಡ.

ಇನ್ನು ಮ್ಯಾನೇಜರ್ ವಿಚಾರ. ಕೊನೆಯಲ್ಲಿ ಒಟ್ಟಿಗೆ ಕಾಣುವ ಹತ್ತು ದಿನದ ಮೇಲೆ ಎಲ್ಲರ ಕಣ್ಣೂ ಬೀಳುತ್ತದೆ. ಸುಮ್ನೆ ‘ಬಫರ್’ ಅಂತ ಬರೆದರೆ ಕತ್ತರಿ ಖಂಡಿತ. ಅದರ ಪಕ್ಕದಲ್ಲೇ ಮೂರ್ನಾಲ್ಕು ಅಪಾಯಗಳನ್ನು ಬರೆಯಿರಿ: ಯಾವುದಕ್ಕೆ ಎಷ್ಟು ದಿನ ಹೋಗಬಹುದು, ಅದರ ಮೇಲೆ ಯಾರು ಕಣ್ಣಿಟ್ಟಿದ್ದಾರೆ. ಮ್ಯಾನೇಜರ್ ‘ಐದು ದಿನ ಕಡಿಮೆ ಮಾಡಿ’ ಅಂದರೆ, ‘ಇದರಲ್ಲಿ ಯಾವ ಅಪಾಯ ಬರುವುದಿಲ್ಲ ಅಂತ ನಿಮಗನಿಸುತ್ತದೆ?’ ಎಂದು ಆ ಪಟ್ಟಿಯನ್ನೇ ಅವರ ಮುಂದಿಡಿ.