ಅಜ್ಜನ ಕೋವಿ ಹೊಳೆಯಲೇಬೇಕೆ?

ಪ್ರಶ್ನೆ: ಮನೆಯಲ್ಲಿ ಅಜ್ಜನ ಕಾಲದ, ಬರ್ಮಿಂಗ್‌ಹ್ಯಾಮಿನ ಜೋಡು ನಳಿಗೆ ಕೋವಿ ಇದೆ. ನಳಿಗೆ ಕಂದು ತಿರುಗಿದೆ, ಬಟ್ಟು (ಹಿಂಬದಿಯ ಮರದ ಹಿಡಿ) ಮಂಕಾಗಿದೆ. ಉಜ್ಜಿಸಿ ಹೊಸ ಬಣ್ಣ ಹಾಕಿಸಲೋ, ಹಾಗೇ ಬಿಡಲೋ?

ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂತೆಂದರೆ ಕೊಡಗಿನ ಕಡೆಯಿಂದ ಈ ಪ್ರಶ್ನೆ ಬಂದೇ ಬರುತ್ತದೆ. ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆಗಿಡುವ ಕೋವಿ ಫಳಫಳ ಅನ್ನಬೇಕೆಂಬ ಆಸೆ ತಪ್ಪಲ್ಲ. ಆದರೂ ನನ್ನ ಉತ್ತರ ಹಳೆಯದೇ: ಒರೆಸಿ, ಎಣ್ಣೆ ಹಚ್ಚಿ, ಬಿಟ್ಟುಬಿಡಿ.

ಕೂಡಲೇ ಬರುವ ಮರುಪ್ರಶ್ನೆಯೂ ಗೊತ್ತು. "ಅಲ್ಲ ಸಾರ್, ಕಂದು ಅಂದರೆ ತುಕ್ಕು ತಾನೆ? ಬಿಟ್ಟರೆ ನಳಿಗೆಯನ್ನೇ ತಿಂದುಹಾಕುವುದಿಲ್ಲವೆ?" ಈ ಒಂದು ನಂಬಿಕೆಯಿಂದ ಹಾಳಾದಷ್ಟು ಕೋವಿಗಳು ನಮ್ಮ ಮಳೆಗಾಲದಿಂದಲೂ ಹಾಳಾಗಿರಲಾರವು.

ತುಕ್ಕೇ, ಒಪ್ಪಿದೆ. ಆದರೆ ಅದನ್ನು ಹಿಡಿಸಿದವರು ಕೋವಿ ಮಾಡಿದವರೇ! ಆಗಿನ ಇಂಗ್ಲಿಷ್ ಕಾರ್ಖಾನೆಗಳಲ್ಲಿ ನಳಿಗೆಗೆ ಆಮ್ಲದ ದ್ರಾವಣ ಸವರಿ, ತೇವದಲ್ಲಿಟ್ಟು, ಬೇಕೆಂದೇ ತುಕ್ಕು ಬರಿಸುತ್ತಿದ್ದರು. ಮೇಲಿನ ಪುಡಿಯನ್ನು ಉಜ್ಜಿ ತೆಗೆದು ಮತ್ತೆ ಸವರುವುದು, ಹೀಗೆ ದಿನಗಟ್ಟಲೆ. ಕೊನೆಗೆ ಉಳಿಯುವ ತೆಳುಪದರವೇ ಆ ಕಂದು. ಪ್ರತಿ ಸಲವೂ ನೀರಲ್ಲಿ ಕುದಿಸಿದರೆ ಅದೇ ತುಕ್ಕು ಕಪ್ಪಾಗುತ್ತದೆ. ನೀವು 'ಬ್ಲೂಯಿಂಗ್' ಎಂದು ಮೆಚ್ಚುವ ಕಪ್ಪು ಅದು. ಡಮಾಸ್ಕಸ್ ನಳಿಗೆಯಾದರೆ ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ತಿರುಚಿ, ಸುರುಳಿ ಸುತ್ತಿ, ಬಡಿದು ಬೆಸೆದದ್ದು. ಅದರ ಸುಳಿಸುಳಿ ಚಿತ್ತಾರ ಕಣ್ಣಿಗೆ ಕಾಣುವುದೇ ಈ ಪದರದಿಂದ. ಬಫ್ (ಹೊಳಪು ಕೊಡುವ ಚಕ್ರ) ಹಿಡಿದರೆ ಚಿತ್ತಾರ ಮಾಯವಾಗಿ ಸ್ಟೀಲ್ ಲೋಟದ ಹೊಳಪು ಉಳಿಯುತ್ತದೆ. ಹಳೆ ಕೋವಿ ಬಲ್ಲವರು ಅದನ್ನು ನೋಡಿದ ಕೂಡಲೇ ಬೆಲೆ ಇಳಿಸುತ್ತಾರೆ.

ತಿನ್ನುವ ತುಕ್ಕು ಬೇರೆ. ಕೋವಿ ಬಿಚ್ಚಿ, ಒಳಗೆ ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎಣ್ಣೆ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕೆಂಪು ಪುಡಿ ಬಂದರೆ ಅದು ಜೀವಂತ ತುಕ್ಕು. ಎಣ್ಣೆಯಲ್ಲಿ ನೆನೆಸಿ, ಹಳೆಯ ತಾಮ್ರದ ಕಾಸಿನ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆದು, ಗೀರು ಬೀಳುವುದಿಲ್ಲ. ಎಮರಿ ಪೇಪರ್ ಮಾತ್ರ ಮುಟ್ಟಬೇಡಿ.

ಪೇಟೆಯಲ್ಲಿ "ಒಂದೇ ದಿನದಲ್ಲಿ ಬ್ಲೂ ಮಾಡಿಕೊಡ್ತೀವಿ" ಅನ್ನುವವರು ಮುಳುಗಿಸುವುದು ಸುಮಾರು 140 ಡಿಗ್ರಿಯ ಕಾಸ್ಟಿಕ್ ದ್ರಾವಣಕ್ಕೆ. ಒಂಟಿ ನಳಿಗೆಗೆ ಅದು ನಡೆದೀತು. ಜೋಡು ನಳಿಗೆಗಳನ್ನೂ ನಡುವಿನ ಪಟ್ಟಿಯನ್ನೂ ಹಿಡಿದಿಟ್ಟಿರುವುದು ಸೀಸ-ತವರದ ಬೆಸುಗೆ. ಕಾಸ್ಟಿಕ್ ಅದನ್ನೇ ತಿನ್ನುತ್ತದೆ. ಪಟ್ಟಿಯಡಿ ಸೇರಿಕೊಂಡ ಉಪ್ಪು ವರ್ಷಗಟ್ಟಲೆ ಒಳಗಿಂದ ಕೊರೆಯುತ್ತದೆ.

ಉಜ್ಜುವಾಗ ಹೋಗುವುದು ಬಣ್ಣವಷ್ಟೇ ಅಲ್ಲ, ಪರೀಕ್ಷಾ ಮುದ್ರೆ (ನಳಿಗೆ ಈಡಿನ ಒತ್ತಡ ತಾಳುತ್ತದೆಂದು ಒತ್ತಿದ ಗುರುತು), ತಯಾರಕರ ಹೆಸರು, ನಂಬರು ಎಲ್ಲ ಸವೆಯುತ್ತವೆ. 1959ರ ಆಯುಧ ಕಾಯ್ದೆಯ 8ನೇ ಕಲಮಿನ ಪ್ರಕಾರ ಕೋವಿಯ ಗುರುತು ಅಳಿಸುವುದೇ ಅಪರಾಧ. ನಿಮ್ಮದು ಲೈಸೆನ್ಸೋ, ಲೈಸೆನ್ಸ್ ಬೇಡವೆನ್ನುವ ಕೊಡಗಿನ ವಿನಾಯಿತಿ ಪತ್ರವೋ, ಕಾಗದದಲ್ಲಿರುವ ನಂಬರು ಕೋವಿಯ ಮೇಲೆ ಕಾಣಬೇಕು. ರಿಪೇರಿಯನ್ನೂ ಪರವಾನಗಿ ಇರುವವರ ಹತ್ತಿರವೇ ಮಾಡಿಸಿ.

ಬಟ್ಟಿನ ಕತೆ ಚಿಕ್ಕದು. ಕೊಳೆ ತೆಗೆದು ಅಗಸೆ ಎಣ್ಣೆ ಒಂದೆರಡು ಹನಿ ಅಂಗೈಯಲ್ಲಿ ತಿಕ್ಕಿದರೆ ಸಾಕು. ಮರ ಮತ್ತು ಲೋಹ ಸೇರುವ ಕಡೆ ಉಗುರು ಎಳೆದು ನೋಡಿ. ಮರ ಕೂದಲೆಳೆಯಷ್ಟು ಎತ್ತರಕ್ಕಿದ್ದರೆ ಯಾರೂ ಕೈಹಾಕಿಲ್ಲ. ತಗ್ಗಿದ್ದರೆ ಯಾರೋ ಉಪ್ಪು ಕಾಗದ ಹಾಕಿದ್ದಾರೆ. ಬಟ್ಟು ಸೀಳಿದ್ದರೆ, ಅಥವಾ ಹಿಂದೆಯೇ ಯಾರೋ ಬಫ್ ಹೊಡೆಸಿ ಕೆಡಿಸಿದ್ದರೆ, ಆಗ ಧಾರಾಳವಾಗಿ ರಿಪೇರಿ ಮಾಡಿಸಿ, ಹಳೆಯ ವಿಧಾನದಲ್ಲೇ ಬಣ್ಣ ಹಿಡಿಸಿ.

ನೀವು ಕೇಳದಿದ್ದರೂ ಒಂದು ಹೇಳಬೇಕು. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಈಡು ಹೊಡೆಯಲು ಅಜ್ಜನ ಕೋವಿಯೇ ಬೇಕೆಂದು ಹಟ ಹಿಡಿಯುವವರಿದ್ದಾರೆ. ಆ ಕಾಲದ ಎಷ್ಟೋ ಇಂಗ್ಲಿಷ್ ಕೋವಿಗಳ ತೋಟಾ ಗೂಡು ಎರಡೂವರೆ ಇಂಚಿನದು, ಅಂದರೆ 65 ಮಿ.ಮೀ. ಈಗ ಸಿಗುವ ತೋಟಾ ಹೆಚ್ಚಾಗಿ 70. "ಸಲೀಸಾಗಿ ಒಳಗೆ ಹೋಗುತ್ತದಲ್ಲ!" ಅನ್ನುತ್ತಾರೆ. ಹೋಗುತ್ತದೆ, ಏಕೆಂದರೆ 70 ಅನ್ನುವುದು ಈಡು ಹಾರಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ಡಮಾಸ್ಕಸ್ ನಳಿಗೆಗಳಲ್ಲಿ ಹೆಚ್ಚಿನವು ಕರಿಮದ್ದಿಗೆ ಮಾತ್ರ ಪರೀಕ್ಷೆಯಾದವು. ಈಗಿನ ತೋಟಾದಲ್ಲಿರುವುದು ಹೊಗೆ ಕಾರದ ನೈಟ್ರೊ ಮದ್ದು. ನಳಿಗೆಯ ಅಡಿಯಲ್ಲಿ 'ನೈಟ್ರೊ ಪ್ರೂಫ್' ಮುದ್ರೆ ಇದೆಯೇ ನೋಡಿ, ಗೂಡನ್ನು ಗೇಜು ಹಾಕಿ ಅಳೆಸಿ. ಅಲ್ಲಿಯವರೆಗೆ ಪುತ್ತರಿಗೆ ಬೇರೆ ಕೋವಿ ತನ್ನಿ.