ಅರವತ್ತರ ಅರಳುಮರಳು ಮತ್ತು ಒಂದು ತಪ್ಪು ಗೆರೆ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನನಗೆ ಎಂದೂ ಹಿಡಿಸಿದ್ದಿಲ್ಲ. ಮನೋವಿಜ್ಞಾನವೂ ಬಹುಕಾಲ ಅದೇ ಗಾದೆಯನ್ನು ಗ್ರಾಫ್ ಬಿಡಿಸಿ ಹೇಳುತ್ತಿತ್ತೆಂಬುದು ಇನ್ನೂ ಬೇಸರದ ಸಂಗತಿ. ಇಪ್ಪತ್ತು-ಮೂವತ್ತರ ನಡುವೆ ಶಿಖರ ಮುಟ್ಟಿ, ಅಲ್ಲಿಂದ ಒಂದೇ ಸಮನೆ ಇಳಿಯುವ ಬುದ್ಧಿಶಕ್ತಿಯ ಆ ಗೆರೆಯನ್ನು ಬೆಂಗಳೂರಿನ ಸ್ನಾತಕೋತ್ತರ ತರಗತಿಯಲ್ಲಿ ಕುಳಿತು ನಾನೂ ಪ್ರಶ್ನಿಸದೆ ನೋಟ್ಸಿಗೆ ಇಳಿಸಿಕೊಂಡಿದ್ದೆ.

ಆ ಗೆರೆ ಹುಟ್ಟುವುದು ಇಂದಿನ ಯುವಕರನ್ನೂ ಇಂದಿನ ವೃದ್ಧರನ್ನೂ ಒಂದೇ ದಿನ ಅಳೆದು ಹೋಲಿಸುವುದರಿಂದ. ಬೆಳಗಿನ ಹೊತ್ತು ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ನಿಂತರೆ ಎಪ್ಪತ್ತು ದಾಟಿದವರು ಪಂಚೆಯುಟ್ಟು, ಇಪ್ಪತ್ತರ ಹುಡುಗರು ಚಡ್ಡಿ ತೊಟ್ಟು ಓಡಾಡುವುದು ಕಾಣುತ್ತದೆ. ವಯಸ್ಸಾದಂತೆ ಚಡ್ಡಿಯೇ ಬೆಳೆದು ಪಂಚೆಯಾಗುತ್ತದೆಂದು ಯಾರೂ ಹೇಳುವುದಿಲ್ಲ. ಮೊಮ್ಮಗ ಅಜ್ಜನಿಗಿಂತ ಅರ್ಧ ಅಡಿ ಎತ್ತರವಿದ್ದರೆ ಅಜ್ಜ ಅಷ್ಟೂ ಕುಗ್ಗಿದನೆನ್ನುವುದಿಲ್ಲ. ಅವೆನ್ಯೂ ರಸ್ತೆಯ ಹಳೆಯ ವರ್ತಕರು ತೆಲುಗು, ತಮಿಳು, ಉರ್ದುವಿನಲ್ಲಿ ವ್ಯವಹರಿಸಿ, ಅವರ ಮಕ್ಕಳು ಇಂಗ್ಲಿಷಿನಲ್ಲಿ ಮಾತನಾಡಿದರೆ ಮುಪ್ಪಿನಲ್ಲಿ ಇಂಗ್ಲಿಷ್ ಮರೆತು ತೆಲುಗು ಬರುತ್ತದೆಂದು ತೀರ್ಮಾನಿಸುವುದಿಲ್ಲ. ಬುದ್ಧಿಯ ವಿಷಯಕ್ಕೆ ಬಂದಾಗ ಮಾತ್ರ ತಲೆಮಾರಿನ ಅಂತರವನ್ನೆಲ್ಲ ವಯಸ್ಸಿನ ಖಾತೆಗೆ ಬರೆದುಬಿಡುತ್ತೇವೆ.

ನನ್ನ ಸಂಶೋಧನೆಗಾಗಿ ಬಸವನಗುಡಿಯ ಎಪ್ಪತ್ತೆರಡರ ಅಜ್ಜಿಯೊಬ್ಬರ ಮುಂದೆ ಅಂಕಿ-ಚಿಹ್ನೆಯ ಪರೀಕ್ಷೆ ಇಟ್ಟಿದ್ದೆ. ಒಂದರಿಂದ ಒಂಬತ್ತರ ತನಕ ಪ್ರತಿ ಅಂಕಿಗೂ ಒಂದೊಂದು ಚಿಹ್ನೆ ನಿಗದಿಯಾಗಿರುತ್ತದೆ. 90 ಸೆಕೆಂಡುಗಳಲ್ಲಿ ಆದಷ್ಟು ಚೌಕಗಳನ್ನು ತುಂಬಬೇಕು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟಿದ್ದ ಅವರು ಒಂದೊಂದು ಚಿಹ್ನೆಯನ್ನೂ ರಂಗೋಲಿಯ ಎಳೆಯಂತೆ ನಿಧಾನವಾಗಿ ಬರೆದರು, ಓರೆಯಾದದ್ದನ್ನು ತಿದ್ದಿದರು. ಅಂಕ ತೀರಾ ಕಡಿಮೆ ಬಂತು. ಕಾಫಿ ಕೊಡುವಾಗ, ತಾವು ನಡೆಸುವ ಚೀಟಿಯಲ್ಲಿ ಯಾರ ಬಾಕಿ ಎಷ್ಟೆಂಬುದನ್ನು ಪುಸ್ತಕ ನೋಡದೆ ಹೇಳಿದರು. ಅದಕ್ಕೆ ನನ್ನ ಹಾಳೆಯಲ್ಲಿ ಅಂಕಣವಿರಲಿಲ್ಲ.

ಈ ಗೊಂದಲವನ್ನು ಬಿಡಿಸಲು ಹೊರಟವರಲ್ಲಿ ಅಮೆರಿಕದ ಮನೋವಿಜ್ಞಾನಿ ವಾರ್ನರ್ ಶೈ ಮುಖ್ಯರು. 1956ರಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ತಮ್ಮ ಪಿಎಚ್‌ಡಿಗಾಗಿ, ಅವರು ಸಿಯಾಟಲ್‌ನ 500 ವಯಸ್ಕರನ್ನು ಪರೀಕ್ಷಿಸಿದರು. ಪದವಿ ಸಿಕ್ಕ ಮೇಲೂ ಕೈಬಿಡದೆ ಏಳೇಳು ವರ್ಷಕ್ಕೊಮ್ಮೆ ಅದೇ ಜನರನ್ನು ಮತ್ತೆ ಕರೆಸಿದರು. ಜೊತೆಗೆ ಪ್ರತಿ ಸಲ ಹೊಸಬರ ಗುಂಪನ್ನೂ ಸೇರಿಸಿಕೊಂಡರು. ಹೊಸಬರು ಬೇಕಾದದ್ದೇಕೆಂದರೆ, ಒಂದೇ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದವರಿಗೆ ಅಭ್ಯಾಸಬಲ ಬಂದಿರುತ್ತದೆ, ಕಾಯಿಲೆಯವರು ನಡುವೆಯೇ ಬಿಟ್ಟುಹೋಗಿರುತ್ತಾರೆ. ಹೀಗೆ ಹಿಂಬಾಲಿಸಿ ನೋಡಿದಾಗ ಹೆಚ್ಚಿನ ಸಾಮರ್ಥ್ಯಗಳು ನಡುವಯಸ್ಸಿನವರೆಗೂ ಏರಿ, ಅರವತ್ತು ದಾಟಿದ ಮೇಲಷ್ಟೇ ಸ್ಪಷ್ಟವಾಗಿ ಇಳಿಯತೊಡಗಿದ್ದವು. ಬೇಗ ಸೋತದ್ದು ಗ್ರಹಿಕೆಯ ವೇಗ. ಪದಸಂಪತ್ತು ಬಹುಕಾಲ ಗಟ್ಟಿಯಾಗಿ ನಿಂತಿತ್ತು.

ವಾದ ಇಲ್ಲಿಗೇ ಮುಗಿಯಲಿಲ್ಲವೆಂಬುದನ್ನು ಒಪ್ಪಬೇಕು. ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಟಿಮೊಥಿ ಸಾಲ್ಟ್‌ಹೌಸ್ ಆ ಅಭ್ಯಾಸಬಲವೇ ನಿಜವಾದ ಇಳಿಕೆಯನ್ನು ಮರೆಮಾಚುತ್ತದೆಂದೂ ಕೆಲವು ಸಾಮರ್ಥ್ಯಗಳು ಇಪ್ಪತ್ತರ ದಶಕದಲ್ಲೇ ಕುಂದತೊಡಗುತ್ತವೆಂದೂ 2009ರಲ್ಲಿ ವಾದಿಸಿದರು. ವೇಗದ ಮಟ್ಟಿಗೆ ಅವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಅಕ್ಷರಜ್ಞಾನವೂ ಪೌಷ್ಟಿಕತೆಯೂ ಒಂದೆರಡು ತಲೆಮಾರಿನಲ್ಲೇ ಇಷ್ಟು ಬದಲಾದ ನಮ್ಮ ನಾಡಿನಲ್ಲಿ, ಅಜ್ಜಿಯನ್ನು ಎಂಜಿನಿಯರಿಂಗ್ ಓದುವ ಮೊಮ್ಮಗಳ ಪಕ್ಕ ಕೂರಿಸಿ ಅಳೆಯುವುದನ್ನು ನಾನು ಒಪ್ಪಲಾರೆ.

ಇದಕ್ಕೆ ಬೇಕಾದ ದೀರ್ಘ ಅಧ್ಯಯನ ಬೆಂಗಳೂರಿನಿಂದಲೇ ನಡೆಯುತ್ತಿದೆ: ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದೆ. ಆದರೆ ಪಿಎಚ್‌ಡಿ ವಿದ್ಯಾರ್ಥಿಗೆ ಸಿಗುವುದು ನಾಲ್ಕೈದು ವರ್ಷ, ಮುಪ್ಪಿಗೆ ಬೇಕಾದದ್ದು ಮೂವತ್ತು. ಹಾಗಾಗಿ ನಾನೂ ಕಾಲೇಜು ಹುಡುಗರನ್ನು ಒಂದು ಕಡೆ, ಪಾರ್ಕಿನ ಹಿರಿಯರನ್ನು ಇನ್ನೊಂದು ಕಡೆ ಕೂರಿಸಿಯೇ ಅಳೆದೆ. ರಂಗೋಲಿಯ ಅಜ್ಜಿಯ ಅಂಕ ನನ್ನ ಪ್ರಬಂಧದ ಕೋಷ್ಟಕದಲ್ಲಿ ‘ವಯಸ್ಸಿನ ಪರಿಣಾಮ’ ಎಂಬ ತಲೆಬರಹದ ಕೆಳಗೆ ಇಂದಿಗೂ ಕೂತಿದೆ.